ಹೂ ಕಂಡವರು ಇಬ್ಬರು

ವರ್ಡ್ಸ್‌ವರ್ತ್ ಕವಿಯ ಡ್ಯಾಫೋಡಿಲ್ ಹೂಗಳ ಪದ್ಯವನ್ನು ಎಷ್ಟೋ ವರ್ಷ ಮಕ್ಕಳಿಗೆ ಪಾಠ ಮಾಡಿದ್ದೇನೆ. ಕವಿ ಒಬ್ಬಂಟಿಯಾಗಿ ಅಲೆಯುವಾಗ ಸರೋವರದ ದಡದಲ್ಲಿ ಆ ಹಳದಿ ಹೂಗಳನ್ನು ಕಂಡನೆಂದು ನಾನೂ ನಂಬಿದ್ದೆ, ಮಕ್ಕಳನ್ನೂ ನಂಬಿಸಿದ್ದೆ. ಜೊತೆಯಲ್ಲಿ ಅವನ ತಂಗಿ ಡೊರೊಥಿ ಇದ್ದಳೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಅದು 1802ರ ಏಪ್ರಿಲ್ 15. ಉತ್ತರ ಇಂಗ್ಲೆಂಡಿನ ಅಲ್ಸ್‌ವಾಟರ್ ಸರೋವರದ ದಡದಲ್ಲಿ ಅಣ್ಣ ತಂಗಿ ನಡೆದು ಬರುತ್ತಿದ್ದರು. ಜೋರು ಗಾಳಿ. ಮೊದಲು ಅಲ್ಲೊಂದು ಇಲ್ಲೊಂದು ಹೂ. ಮುಂದೆ ಹೋದಂತೆ ದಡದುದ್ದಕ್ಕೂ ಹೂವೇ ಹೂವು. ಡೊರೊಥಿ ಆ ದಿನದ ದಿನಚರಿಯಲ್ಲಿ ಇದನ್ನೆಲ್ಲ ಬರೆದಳು. ಕೆಲವು ಹೂಗಳು ದಣಿದು ಕಲ್ಲಿಗೆ ತಲೆಯಾನಿಸಿದಂತೆ ಕಂಡದ್ದನ್ನೂ ಬಿಡಲಿಲ್ಲ. ಅಣ್ಣನ ಪದ್ಯ ಅಚ್ಚಾದದ್ದು 1807ರಲ್ಲಿ. ಅದರಲ್ಲಿ ತಂಗಿಯ ಸುಳಿವಿಲ್ಲ.

ಅವಳಿಗೆ ಅಷ್ಟು ಸೂಕ್ಷ್ಮವಾಗಿ ಕಂಡದ್ದು ಹೇಗೆ? 1800ರ ಮೇ 14ರಂದು ಅಣ್ಣನೂ ತಮ್ಮನೂ ಯಾರ್ಕ್‌ಷೈರಿಗೆ ಹೊರಟರು. ಗ್ರಾಸ್ಮಿಯರಿನ ಮನೆಯಲ್ಲಿ ಉಳಿದ ಡೊರೊಥಿ, ಹಿಂದಿರುಗಿದ ಅಣ್ಣ ಓದಿ ಸಂತೋಷಪಡಲಿ ಎಂದು ಅಂದೇ ದಿನಚರಿ ಹಿಡಿದಳು. ಅಚ್ಚಿಗಾಗಿ ಬರೆದದ್ದಲ್ಲ. ಬ್ರೆಡ್ ಸುಟ್ಟದ್ದು, ಬಟ್ಟೆಗೆ ಇಸ್ತ್ರಿ ಹಾಕಿದ್ದು, ತಲೆನೋವು, ಬಾಗಿಲಿಗೆ ಬಂದ ಭಿಕ್ಷುಕಿ, ಬೆಳದಿಂಗಳು ಎಲ್ಲವೂ ಅಲ್ಲಿ ಒಟ್ಟಿಗೆ ಇವೆ. ಹೂ ಕಂಡ ದಿನಕ್ಕೆ ಅವಳ ಕಣ್ಣಿಗೆ ಸುಮಾರು ಎರಡು ವರ್ಷದ ಅಭ್ಯಾಸವಿತ್ತು. ಬರೆಯುವವರ ಕೆಲಸ ರಾತ್ರಿ ದೀಪದ ಮುಂದೆ ಶುರುವಾಗುತ್ತದೆಂದು ನಾವು ತಿಳಿಯುತ್ತೇವೆ. ಅದು ಹಗಲಿನಲ್ಲೇ ಶುರುವಾಗಿರುತ್ತದೆ.

ನನ್ನಲ್ಲೂ ಒಂದು ಪುಸ್ತಕವಿತ್ತು, ಮನೆಖರ್ಚಿನದು. ಅಮ್ಮ ತೀರಿಕೊಂಡ ಮೇಲೆ ಆ ವರ್ಷದ ಪುಸ್ತಕವನ್ನು ತೆಗೆದು ನೋಡಿದೆ. ಹಾಲು, ತೊಗರಿಬೇಳೆ, ಅಮ್ಮನ ಮಾತ್ರೆ, ಒಂದು ರೂಪಾಯಿಯೂ ತಪ್ಪದೆ ಲೆಕ್ಕವಿದೆ. ಅಮ್ಮ ಆಡಿದ ಒಂದು ಮಾತೂ ಇಲ್ಲ. ಒಂದೇ ಅಡುಗೆಮನೆಯಲ್ಲಿ ಓಡಾಡಿಕೊಂಡಿದ್ದೆವು. ಆ ಮಾತುಗಳನ್ನು ನಾನು ಕೇಳಿಸಿಕೊಂಡಿದ್ದೆನೇ ಎಂಬುದೇ ಅನುಮಾನ.

ಅಂದಿನಿಂದ ಲೆಕ್ಕದ ಕೆಳಗೆ ಎರಡು ಸಾಲು ಬರೆಯುತ್ತಿದ್ದೇನೆ. ಘನವಾದದ್ದೇನಲ್ಲ. ಆದರೆ ರಾತ್ರಿ ಬರೆಯಬೇಕಲ್ಲ ಎಂದು ಹಗಲು ಕಿವಿಗೊಡುತ್ತೇನೆ, ನಿಂತು ನೋಡುತ್ತೇನೆ. ನಿನ್ನೆ ನಮ್ಮ ಬೀದಿಯ ಹೂವಿನವಳು ಮೊಳ ಹಾಕಿದ ಮೇಲೆ ನಾಲ್ಕು ಬೆರಳಷ್ಟು ಹೆಚ್ಚಿಗೆ ಬಿಟ್ಟು ಕತ್ತರಿಸಿದಳು. ಎಷ್ಟು ವರ್ಷದಿಂದ ಹಾಗೆ ಕೊಡುತ್ತಿದ್ದಳೋ, ನಾನು ನೋಡಿದ್ದು ನಿನ್ನೆ.