ಗೆಡ್ಡೆಗೆ ಇನ್ನೂ ಹಸಿವಿದೆಯೇ?



ಥಾಣೆಯ ಕೋಪರಿಯಿಂದ ಕೇಳುಗರೊಬ್ಬರು ಪತ್ರ ಬರೆದಿದ್ದಾರೆ. "ತಮ್ಮನಿಗೆ ಹಾಡ್ಕಿನ್ ಲಿಂಫೋಮಾ. ಎರಡು ಸುತ್ತು ಕೀಮೋ ಆಗಿದೆ, ನಾಲ್ಕು ಬಾಕಿ. ಈಗಲೇ ಮತ್ತೆ ಪೆಟ್ ಸ್ಕ್ಯಾನ್ ಅಂತಾರೆ. ಎಲ್ಲ ಮುಗಿದ ಮೇಲೆ ಮಾಡಿಸಿದರೆ ಸಾಲದೇ? ಖರ್ಚು ಬೇರೆ!" ಎಂದು ಅವರ ಅಳಲು. ಉತ್ತರ ಹುಡುಕಲು ಸ್ವಲ್ಪ ಹಿಂದಕ್ಕೆ ಹೋಗೋಣ ಬನ್ನಿ.

1920ರ ದಶಕದಲ್ಲಿ ಜರ್ಮನಿಯ ಆಟೋ ವಾರ್ಬರ್ಗ್ ಒಂದು ಸಂಗತಿ ಗಮನಿಸಿದರು. ಕ್ಯಾನ್ಸರ್ ಗೆಡ್ಡೆಗೆ ಸಕ್ಕರೆಯ ಮೇಲೆ ವಿಪರೀತ ಆಸೆ. ಅರ್ಧ ಶತಮಾನದ ಬಳಿಕ, 1976ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದ ಗ್ಲೂಕೋಸನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟು ಚಿತ್ರ ತೆಗೆದರು. ಸಕ್ಕರೆ ಹೆಚ್ಚು ಸೇರುವ ಜಾಗ ಚಿತ್ರದಲ್ಲಿ ಹೊಳೆಯುತ್ತದೆ.

ಆದರೆ ಈ ಸಕ್ಕರೆಗೆ ಆಯುಷ್ಯ ಕಡಿಮೆ. 110 ನಿಮಿಷಕ್ಕೆ ಅದರ ವಿಕಿರಣ ಅರ್ಧಕ್ಕಿಳಿಯುತ್ತದೆ. ಕೋಪರಿಯಿಂದ ಲೋಕಲ್ ಹಿಡಿದು ಪರೇಲಿಗೆ ಹೋಗಿ ಬರುವಷ್ಟು ಹೊತ್ತು, ಅಷ್ಟೇ! ಹಾಗಾಗಿ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಹತ್ತಿರವೇ ಇರಬೇಕು. ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ ಮತ್ತು ಮೊದಲ ಪೆಟ್ ಯಂತ್ರ 2002ರಲ್ಲಿ ಬಂದದ್ದು ಅದೇ ಪರೇಲಿಗೆ. ಪರಮಾಣು ಶಕ್ತಿ ಇಲಾಖೆ 1963ರಲ್ಲಿ ಆರಂಭಿಸಿದ ವಿಕಿರಣ ಚಿಕಿತ್ಸಾ ಕೇಂದ್ರ ಇರುವುದು ಅಲ್ಲೇ, ಟಾಟಾ ಸ್ಮಾರಕ ಆಸ್ಪತ್ರೆಯ ಮಗ್ಗುಲಲ್ಲಿ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಸಿಟಿ ಸ್ಕ್ಯಾನ್ ಗೆಡ್ಡೆಯ ಗಾತ್ರ ಹೇಳುತ್ತದೆ. ಆದರೆ ಕ್ಯಾನ್ಸರ್ ಸತ್ತರೂ ಗಂಟು ಗಾಯದ ಕಲೆಯಂತೆ ಉಳಿಯಬಹುದು. ಪೆಟ್ ಕೇಳುವುದೇ ಬೇರೆ: ಗೆಡ್ಡೆಗೆ ಇನ್ನೂ ಹಸಿವಿದೆಯೇ? 2009ರಲ್ಲಿ ಫ್ರಾನ್ಸಿನ ಡೋವಿಲ್‌ನಲ್ಲಿ ಸೇರಿದ ತಜ್ಞರು ಇದಕ್ಕೆ ಐದು ಅಂಕಗಳ ಅಳತೆಗೋಲು ಮಾಡಿದರು. ಯಕೃತ್ತಿಗಿಂತ ಹೆಚ್ಚು ಹೊಳೆದರೆ ನಾಲ್ಕು ಅಥವಾ ಐದು. ಅಂದರೆ ಔಷಧ ಸಾಲುತ್ತಿಲ್ಲ ಎಂಬ ಸೂಚನೆ.

ಇದರಿಂದ ಏನು ಲಾಭ? 1,200ಕ್ಕೂ ಹೆಚ್ಚು ರೋಗಿಗಳಿದ್ದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಎರಡು ಸುತ್ತಿನ ನಂತರ ಹೊಳಪು ಆರಿದವರಿಗೆ, ಶ್ವಾಸಕೋಶಕ್ಕೆ ಹಾನಿ ಮಾಡಬಲ್ಲ ಬ್ಲಿಯೋಮೈಸಿನ್ ಔಷಧವನ್ನು ಕೈಬಿಟ್ಟರೂ ಫಲಿತಾಂಶ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿತ್ತು. ಹೊಳಪು ಆರದವರಿಗೆ ಚಿಕಿತ್ಸೆಯನ್ನು ಇನ್ನಷ್ಟು ತೀವ್ರಗೊಳಿಸಿದರು. ಕೊನೆಯವರೆಗೆ ಕಾದಿದ್ದರೆ ಈ ಎರಡು ದಾರಿಗಳೂ ತಪ್ಪಿಹೋಗುತ್ತಿದ್ದವು.

ಹಾಗೆಂದು ಪೆಟ್ ಜ್ಯೋತಿಷಿಯಲ್ಲ. ಸೋಂಕು, ಉರಿಯೂತಗಳೂ ಹೊಳೆಯುತ್ತವೆ, ಎಲ್ಲ ಕ್ಯಾನ್ಸರಿಗೂ ಇದು ಒಂದೇ ರೀತಿ ಒದಗುವುದಿಲ್ಲ. ಸಂಶಯ ಬಂದರೆ ವೈದ್ಯರು ಬಯಾಪ್ಸಿ ಕೇಳಬಹುದು. ಇನ್ನು, ಸ್ಕ್ಯಾನಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು, ಮಧುಮೇಹವಿದ್ದರೆ ಮೊದಲೇ ತಿಳಿಸಬೇಕು.

ಕೋಪರಿಯ ಅಣ್ಣನವರೇ, ತಮ್ಮನನ್ನು ಕರೆದುಕೊಂಡು ಹೋಗಿ ಬನ್ನಿ. ಉಳಿದ ನಾಲ್ಕು ಸುತ್ತು ಹೇಗಿರಬೇಕೆಂದು ವೈದ್ಯರು ನಿರ್ಧರಿಸುವುದು ಆ ಚಿತ್ರ ನೋಡಿಯೇ. ಆಮೇಲೆ ನಮಗೊಂದು ಪತ್ರ ಹಾಕಿ, ಕಾಯುತ್ತಿರುತ್ತೇವೆ.