ರಾಯಭಾರಿ ಇಲ್ಲದ ಸೀಮೆ: ಕಿರುತೆರೆಯ ಸಿದ್ಧಮಾದರಿಗಳು ಮತ್ತು ರೋಣ–ನರಗುಂದ–ಗಜೇಂದ್ರಗಡದ ಕನ್ನಡ

2023ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಜೆಟಿಬಿಸಿ ವಾಹಿನಿ ತನ್ನ ‘ಕಿಂಗ್ ದ ಲ್ಯಾಂಡ್’ ಧಾರಾವಾಹಿಯ ಬಗ್ಗೆ ಕ್ಷಮೆ ಕೇಳಿತು. ಅದರಲ್ಲಿ ಬರುವ ಸಮೀರ್ ಎಂಬ ಅರಬ್ ರಾಜಕುಮಾರನನ್ನು ಹೆಣ್ಣಿನ ಹಿಂದೆ ಬಿದ್ದ ವಿಲಾಸಿಯಂತೆ ಚಿತ್ರಿಸಿದ್ದಕ್ಕೆ ಅರಬ್ ದೇಶಗಳ ನೋಡುಗರು ಸಿಡಿದೆದ್ದಿದ್ದರು. 2021ರಲ್ಲಿ ಎಸ್‌ಬಿಎಸ್ ವಾಹಿನಿಯ ‘ರ‍್ಯಾಕೆಟ್ ಬಾಯ್ಸ್’ ಇಂಡೋನೇಷ್ಯಾದವರನ್ನು ಅತಿಥಿಸತ್ಕಾರ ತಿಳಿಯದ ಜನರಂತೆ ತೋರಿಸಿದಾಗಲೂ ಹೀಗೇ ಆಯಿತು; ವಾಹಿನಿ ಇಂಡೋನೇಷ್ಯಾದ ಭಾಷೆಯಲ್ಲೇ ಕ್ಷಮೆ ಕೋರಿತು. 2022ರಲ್ಲಿ ‘ನಾರ್ಕೋ-ಸೇಂಟ್ಸ್’ ಬಗ್ಗೆ ಸುರಿನಾಮ್ ಸರ್ಕಾರವೇ ಪ್ರತಿಭಟಿಸಿತು. ಅದೇ ವರ್ಷ ವಿಯೆಟ್ನಾಂ ಯುದ್ಧದ ಕುರಿತ ಮಾತುಗಳಿಗಾಗಿ ‘ಲಿಟಲ್ ವಿಮೆನ್’ ಧಾರಾವಾಹಿಯನ್ನು ನೆಟ್‌ಫ್ಲಿಕ್ಸ್ ವಿಯೆಟ್ನಾಂನಲ್ಲಿ ತೆಗೆದುಹಾಕಬೇಕಾಯಿತು.

ಈ ಪ್ರಕರಣಗಳಲ್ಲಿ ನೊಂದವರ ಹಿಂದೆ ಒಂದು ದೇಶವಿತ್ತು, ಒಂದು ವಿದೇಶಾಂಗ ಇಲಾಖೆಯಿತ್ತು, ಇಲ್ಲವೇ ಕಳೆದುಕೊಳ್ಳಲಾಗದ ದೊಡ್ಡ ಮಾರುಕಟ್ಟೆಯಿತ್ತು. ಕೊರಿಯಾದ ವಾಹಿನಿಗಳು ತೋರಿದ ಸೂಕ್ಷ್ಮತೆಯಲ್ಲಿ ನಿಜವಾದ ವಿಷಾದವೂ ಇದ್ದೀತು. ಆದರೆ ಅವುಗಳ ಬಾಯಿ ತೆರೆಸಿದ್ದು ಆ ಬಲ. ಅಂಥ ಬಲವಿಲ್ಲದ ಸೀಮೆಯ ಜನರನ್ನು ಅವರದೇ ಭಾಷೆಯ, ಅವರದೇ ರಾಜ್ಯದ ಕಿರುತೆರೆ ಅಚ್ಚಿಗೆ ಹಾಕಿದಾಗ ಏನಾಗುತ್ತದೆ? ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಮಾತನ್ನೂ ಬದುಕನ್ನೂ ಅಳತೆಗೋಲಾಗಿ ಹಿಡಿದು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಸಿದ್ಧಮಾದರಿ ನೆಲೆಸಿರುವುದು ಬೈಗುಳದಲ್ಲಲ್ಲ, ಪಾತ್ರ ಹಂಚಿಕೆಯಲ್ಲಿ ಮತ್ತು ಸಂಭಾಷಣೆಯ ವ್ಯಾಕರಣದಲ್ಲಿ ಎಂಬುದು ನನ್ನ ವಾದ.

ಕಾನೂನಿಗೆ ಈ ವಿಷಯ ಹೊಸದಲ್ಲ. 1994ರ ಕೇಬಲ್ ಟೆಲಿವಿಷನ್ ಜಾಲ ನಿಯಮಗಳ ಆರನೆಯ ನಿಯಮವು ಜನಾಂಗೀಯ, ಭಾಷಿಕ ಮತ್ತು ಪ್ರಾದೇಶಿಕ ಗುಂಪುಗಳನ್ನು ಹೀಗಳೆಯುವ, ಕುಹಕವಾಡುವ, ತಾವು ಮೇಲೆಂಬ ಗತ್ತಿನಲ್ಲಿ ಚಿತ್ರಿಸುವ ದೃಶ್ಯವನ್ನಾಗಲಿ ಮಾತನ್ನಾಗಲಿ ಪ್ರಸಾರ ಮಾಡಕೂಡದು ಎನ್ನುತ್ತದೆ. ‘ಪ್ರಾದೇಶಿಕ’ ಎಂದು ಹೆಸರಿಟ್ಟೇ ಹೇಳಿರುವುದು ಗಮನಾರ್ಹ. ಆದರೆ ಈ ನಿಯಮ ಹಿಡಿಯಬಲ್ಲದ್ದು ಎದ್ದು ಕಾಣುವ ಅವಮಾನವನ್ನು ಮಾತ್ರ. ಒಂದು ಸೀಮೆಯ ಮಾತಿಗೆ ವರ್ಷಾನುಗಟ್ಟಲೆ ಕಾವಲುಗಾರನ ಪಾತ್ರವನ್ನೇ ಕೊಡುತ್ತ ಬಂದರೆ ಅದನ್ನು ಯಾವ ದೂರು ಅರ್ಜಿಯಲ್ಲಿ ಬರೆಯುವುದು?

ಪಾತ್ರ ಯಾರಿಗೆ, ಮಾತು ಯಾರಿಗೆ

ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಶುರುವಾಯಿತು. ಉದಯ ಟಿವಿ 1994ರಲ್ಲಿ, ಈಟಿವಿ ಕನ್ನಡ 2000ದಲ್ಲಿ, ಜೀ ಕನ್ನಡ 2006ರಲ್ಲಿ ಬಂದವು. ಧಾರಾವಾಹಿಗಳ ನಿರ್ಮಾಣ, ಬರವಣಿಗೆ, ಕಲಾವಿದರ ಆಯ್ಕೆ ಬಹುಪಾಲು ಬೆಂಗಳೂರಿನಲ್ಲೇ ನೆಲೆಯೂರಿತು. ಹಳೆಯ ಮೈಸೂರು ಸೀಮೆಯ ನಗರದ ಮಾತು ತಾನಾಗಿ ‘ಬರೀ ಕನ್ನಡ’ವಾಯಿತು. ಉಳಿದದ್ದೆಲ್ಲ ‘ಭಾಷೆ’ ಎನಿಸಿಕೊಂಡಿತು: ಮಂಡ್ಯ ಭಾಷೆ, ಮಂಗಳೂರು ಭಾಷೆ, ಉತ್ತರ ಕರ್ನಾಟಕ ಭಾಷೆ. ನಾಯಕ, ನಾಯಕಿ, ವೈದ್ಯ, ವಕೀಲ, ಕಂಪನಿಯ ಮಾಲೀಕ ಮೊದಲನೆಯದನ್ನು ಆಡುತ್ತಾರೆ. ಅಡುಗೆಯವಳು, ಚಾಲಕ, ಪೈಲ್ವಾನ, ನಾಯಕನಿಗೆ ಜೊತೆಯಾಗುವ ಗೆಳೆಯ, ಊರಿಂದ ಗಂಟುಮೂಟೆ ಹೊತ್ತು ಬಂದ ನೆಂಟ ಎರಡನೆಯದನ್ನು ಆಡುತ್ತಾರೆ. ಒಬ್ಬೊಬ್ಬ ಬರಹಗಾರನಿಗೂ ಇಲ್ಲಿ ದುರುದ್ದೇಶವಿದೆ ಎಂದು ನಾನು ಹೇಳುತ್ತಿಲ್ಲ. ನೂರಾರು ಸಣ್ಣ ಆಯ್ಕೆಗಳು ಒಂದೇ ಕಡೆ ವಾಲಿದಾಗ ಹುಟ್ಟುವ ಚಿತ್ರವೇ ಸಿದ್ಧಮಾದರಿ. 1922ರಲ್ಲಿ ವಾಲ್ಟರ್ ಲಿಪ್‌ಮನ್ ಈ ಪರಿಕಲ್ಪನೆಗೆ ಸಾಮಾಜಿಕ ಅರ್ಥ ಕೊಟ್ಟಾಗ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ನಾವು ಮೊದಲು ಅಂದುಕೊಳ್ಳುತ್ತೇವೆ, ಆಮೇಲೆ ನೋಡುತ್ತೇವೆ.

ಬೀದರ್ ಸೀಮೆಯ ನಟ ವೈಜನಾಥ ಬಿರಾದಾರ ಅವರ ವೃತ್ತಿಜೀವನ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. ದಶಕಗಳ ಕಾಲ ಕನ್ನಡ ಚಿತ್ರರಂಗ ಅವರಿಗೆ ಕೊಟ್ಟದ್ದು ಭಿಕ್ಷುಕನ, ಕುಡುಕನ ತುಣುಕು ಪಾತ್ರಗಳನ್ನು. ಗಿರೀಶ ಕಾಸರವಳ್ಳಿಯವರು ‘ಕನಸೆಂಬೋ ಕುದುರೆಯನೇರಿ’ ಚಿತ್ರದಲ್ಲಿ ಅವರಿಗೆ ಪೂರ್ಣಪ್ರಮಾಣದ ಪಾತ್ರ ಕೊಟ್ಟರು. ಸ್ಪೇನ್‌ನ ಇಮ್ಯಾಜಿನ್ ಇಂಡಿಯಾ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಅದೇ ಮುಖ, ಅದೇ ದನಿ. ಬದಲಾದದ್ದು ಪಾತ್ರವೊಂದೇ.

ಇತ್ತೀಚಿನ ರಿಯಾಲಿಟಿ ಶೋಗಳಲ್ಲಿ ಅಚ್ಚು ಸ್ವಲ್ಪ ಬದಲಾಗಿದೆ. ಒರಟನ ಜಾಗಕ್ಕೆ ‘ಮುಗ್ಧ’ ಬಂದಿದ್ದಾನೆ. ಗದಗಿಗೆ ನೆರೆಯ ಹಾವೇರಿ ಜಿಲ್ಲೆಯ ಕುರಿಗಾಹಿ ಗಾಯಕ ಹನುಮಂತ ಮೊದಲು ‘ಸರಿಗಮಪ’ದಲ್ಲಿ ಹೆಸರಾದರು, 2025ರ ಜನವರಿಯಲ್ಲಿ ಬಿಗ್ ಬಾಸ್ ಹನ್ನೊಂದನೆಯ ಆವೃತ್ತಿಯನ್ನು ಗೆದ್ದರು. ಮಧ್ಯದಲ್ಲಿ ಬಂದು ಸೇರಿ, ಮಾತು ಅಳೆದು ತೂಗಿ ಆಡಿ ಗೆದ್ದವರು ಅವರು. ಆದರೂ ಅವರನ್ನು ಮೆಚ್ಚುವ ಮಾತುಗಳು ಮುಗ್ಧತೆಯನ್ನೇ ಸುತ್ತಿದವು. ಜಾಣ್ಮೆಯನ್ನು ಹೆಸರಿಸುವಾಗಲೂ ಅಚ್ಚರಿಯ ಉದ್ಗಾರವೇ ಮುಂದಿತ್ತು. 2021ರ ‘ಸ್ಕ್ವಿಡ್ ಗೇಮ್’ನಲ್ಲಿ ಭಾರತೀಯ ನಟ ಅನುಪಮ್ ತ್ರಿಪಾಠಿ ಮಾಡಿದ ಅಲಿ ಎಂಬ ಪಾಕಿಸ್ತಾನಿ ಕೂಲಿಕಾರನೂ ಈ ‘ಮುಗ್ಧ’ನ ಅಚ್ಚಿನವನೇ. ಒಳ್ಳೆಯವನು, ಬಲಶಾಲಿ, ನಂಬಿ ಕೆಡುವವನು. ಜಗತ್ತು ಆತನಿಗಾಗಿ ಅತ್ತಿತು. ವಲಸೆ ಬಂದವನಿಗೆ ನಂಬಿಕೆಯಿದೆ, ತೋಳಿದೆ, ಲೆಕ್ಕಾಚಾರ ಮಾತ್ರ ಇಲ್ಲ ಎಂಬ ಚಿತ್ರವೂ ಆ ಕಣ್ಣೀರಿನ ಜೊತೆಗೇ ಗಟ್ಟಿಯಾಯಿತು ಎಂಬ ಟೀಕೆಯೂ ಬಂತು. ರೋಣ, ಗಜೇಂದ್ರಗಡ ತಾಲ್ಲೂಕುಗಳಿಂದ ಮಳೆ ಕೈಕೊಟ್ಟ ವರ್ಷ ಮಂಗಳೂರು, ಗೋವಾ, ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳನ್ನು ಬಲ್ಲವರಿಗೆ ಈ ಚಿತ್ರದ ಸುಳ್ಳು ಕೂಡಲೇ ತಿಳಿಯುತ್ತದೆ. ಯಾವ ಮೇಸ್ತ್ರಿ ಮುಂಗಡ ಎಷ್ಟು ಕೊಟ್ಟ, ಬಾಕಿ ಎಷ್ಟು ಉಳಿಸಿಕೊಂಡ, ಬಿತ್ತನೆಗೆ ಯಾವ ದಿನ ಊರು ಮುಟ್ಟಬೇಕು ಎಂಬುದು ಅವರಿಗೆ ಬಾಯಿಪಾಠ.

ಒಂದು ವಾಕ್ಯದ ಒಳಗೆ

ಧಾರಾವಾಹಿಯ ‘ಉತ್ತರ ಕರ್ನಾಟಕ ಭಾಷೆ’ ಹೇಗೆ ತಯಾರಾಗುತ್ತದೆ ಎಂಬುದನ್ನು ತೋರಿಸಲು ಮಾದರಿಗೆಂದು ನಾನೇ ಒಂದು ವಾಕ್ಯ ಕಟ್ಟುತ್ತೇನೆ. ಮಗ ತಾಯಿಗೆ ಫೋನ್ ಮಾಡಿ ಕೇಳುತ್ತಾನೆ: “ಯವ್ವಾ, ಅಣ್ಣ ಮನೇಲಿ ಐತೇನಲೇ? ನಾನು ಬರ್ತಾ ಇದೀನಿ, ಅವನು ಏನ್ ಮಾಡ್ಲಿಕತ್ತಾನ?” ಕಿರುತೆರೆಯಲ್ಲಿ ಇಂಥ ವಾಕ್ಯ ಸಲೀಸಾಗಿ ದಾಟಿಹೋಗುತ್ತದೆ. ರೋಣದ ರೈತಾಪಿ ಮನೆಯಲ್ಲಿ ಇದನ್ನು ಯಾರೂ ಆಡುವುದಿಲ್ಲ. ಅಲ್ಲಿ ಕೇಳುವುದು: “ಯವ್ವಾ, ಅಣ್ಣ ಮನ್ಯಾಗ ಅದಾನೇನಬೇ? ನಾ ಬರಾಕತ್ತೀನಿ, ಅಂವ ಏನ್ ಮಾಡಾಕತ್ತಾನ?”

‘ಮನೇಲಿ’, ‘ಬರ್ತಾ ಇದೀನಿ’ ಎರಡೂ ತೆಂಕಣ ಮಾತು. ‘ಐತಿ’ ಎಂಬುದು ವಸ್ತುವಿಗೆ, ದನಕರುವಿಗೆ. ಅಣ್ಣನಿಗೆ ‘ಅದಾನ’ ಎನ್ನಬೇಕು. ‘ಮಾಡ್ಲಿಕತ್ತಾನ’ ಎಂಬ ರೂಪ ಇದೆ, ಆದರೆ ಅದು ಧಾರವಾಡದ ಅಗ್ರಹಾರದ, ಓದಿದ ಮನೆಗಳ ಮಾತು; ಹೊಲದ ಮನೆಯದು ‘ಮಾಡಾಕತ್ತಾನ’. ಈ ಬಗೆಯ ಭೇದ ಎಷ್ಟು ವ್ಯವಸ್ಥಿತವಾದದ್ದು ಎಂಬುದನ್ನು ವಿಲಿಯಂ ಮೆಕಾರ್ಮ್ಯಾಕ್ 1960ರಷ್ಟು ಹಿಂದೆಯೇ ಧಾರವಾಡ ಕನ್ನಡದ ಸಾಮಾಜಿಕ ಉಪಭಾಷೆಗಳ ಮೇಲಿನ ಲೇಖನದಲ್ಲಿ ಚರ್ಚಿಸಿದ್ದಾರೆ. ಎರಡನ್ನೂ ಒಂದೇ ಬಾಯಲ್ಲಿ ತುರುಕಿದರೆ ಆ ಪಾತ್ರಕ್ಕೆ ಮನೆಯೂ ಇಲ್ಲ, ಓಣಿಯೂ ಇಲ್ಲ. ಎಲ್ಲಕ್ಕಿಂತ ನೋಯಿಸುವುದು ಆ ‘ಲೇ’. ಓರಗೆಯವರಲ್ಲಿ ಅದು ಸಲುಗೆ. ಹೆತ್ತ ತಾಯಿಗೆ ಯಾವ ಮಗನೂ ‘ಲೇ’ ಎನ್ನುವುದಿಲ್ಲ. ಅವಳಿಗೆಂದೇ ‘ಬೇ’ ಇದೆ. ಅಕ್ಕರೆಯೂ ಹಿರಿತನವೂ ಕೂಡಿದ ಆ ಒಂದು ಅಕ್ಷರ ಕಿರುತೆರೆಯ ಕಿವಿಗೆ ಬಿದ್ದೇ ಇಲ್ಲ. ಒಂದು ಸೀಮೆಯವರಿಗೆ ಮರ್ಯಾದೆ ಗೊತ್ತಿಲ್ಲ ಎಂಬ ಅಪವಾದ ಹುಟ್ಟುವುದು ಹೀಗೆ, ಅವರು ಆಡದ ಮಾತನ್ನು ಅವರ ಬಾಯಲ್ಲಿ ಇಟ್ಟು.

ಮೂರು ಊರುಗಳ ಮಾತು ಕೂಡ ಒಂದೇ ಅಲ್ಲ. ನರಗುಂದ ಮಲಪ್ರಭೆಯ ಕಡೆಗೆ, ನವಲಗುಂದ–ಧಾರವಾಡದ ಬಳಕೆಗೆ ಹತ್ತಿರ. ಗಜೇಂದ್ರಗಡ ಹಳೆಯ ನಿಜಾಮ ಸೀಮೆಯ ಅಂಚು. ಅಲ್ಲಿಂದ ಕುಷ್ಟಗಿ ದಾಟಿ ರಾಯಚೂರಿನತ್ತ ಸಾಗಿದಂತೆ ‘ಐತಿ’ ಕಡಿಮೆಯಾಗಿ ‘ಅದ’ ಕೇಳತೊಡಗುತ್ತದೆ. ಊರೊಳಗೆ ದಖನಿ ಉರ್ದು, ಸುತ್ತಲ ತಾಂಡಾಗಳಲ್ಲಿ ಲಂಬಾಣಿಗರ ಗೋರ್‌ಬೋಲಿ. ಸಂತೆಯ ದಿನ ಒಬ್ಬ ವ್ಯಾಪಾರಿ ಮೂರು ಭಾಷೆಯಲ್ಲಿ ಚೌಕಾಸಿ ಮಾಡುತ್ತಾನೆ. ಧಾರಾವಾಹಿಯಲ್ಲಿ ಅವನಿಗೆ ಒಂದೂ ಸರಿಯಾಗಿ ಬರುವುದಿಲ್ಲ.

ಉಡುಪಿನದೂ ಇದೇ ಕಥೆ. ಉತ್ತರ ಕರ್ನಾಟಕದ ಹೆಂಗಸು ಎಂದರೆ ಇಳಕಲ್ ಸೀರೆ, ದಪ್ಪ ಕುಂಕುಮ. ಇಳಕಲ್ ಗಜೇಂದ್ರಗಡಕ್ಕೆ ದೂರವೇನಲ್ಲ, ಆ ಸೀರೆ ಇಲ್ಲಿನವರಿಗೂ ಪ್ರಿಯ. ಆದರೆ ಗಜೇಂದ್ರಗಡದ ಮಗ್ಗದ ಸ್ವಂತ ಸೀರೆ ‘ಪಟ್ಟೇದ ಅಂಚು’: ಹತ್ತಿ ನೂಲು, ಮೈತುಂಬ ಚೌಕಳಿ, ಎದ್ದು ಕಾಣುವ ಅಗಲ ಅಂಚು, ಹೊಲದ ಕೆಲಸಕ್ಕೆ ತಾಳುವ ಗಟ್ಟಿ ನೇಯ್ಗೆ. ಮರೆಯಾಗಿದ್ದ ಈ ನೇಯ್ಗೆಯನ್ನು ಇತ್ತೀಚೆಗೆ ಮತ್ತೆ ಮಗ್ಗಕ್ಕೇರಿಸಿದ್ದಾರೆ. ಕಳೆ ತೆಗೆಯುವ ಹೆಂಗಸಿಗೂ ಮದುವೆ ಮನೆಯ ಇಳಕಲ್ ಉಡಿಸುವ ಕಿರುತೆರೆಗೆ ದುಡಿಮೆಯ ಸೀರೆ, ಹಬ್ಬದ ಸೀರೆ ಎಂಬ ವ್ಯತ್ಯಾಸವೇ ಬೇಕಿಲ್ಲ.

ಹೊಗಳಿಕೆಯ ಅಚ್ಚು

ಹೀಯಾಳಿಕೆಗಿಂತ ಹೊಗಳಿಕೆಯ ಸಿದ್ಧಮಾದರಿಯನ್ನು ಗುರುತಿಸುವುದು ಕಷ್ಟ, ಏಕೆಂದರೆ ಅದನ್ನು ನಾವೇ ಹೆಮ್ಮೆಯಿಂದ ತೊಡುತ್ತೇವೆ. ನರಗುಂದಕ್ಕೆ ‘ಗಂಡುಮೆಟ್ಟಿದ ನಾಡು’, ‘ಬಂಡಾಯದ ನೆಲ’ ಎಂಬ ಬಿರುದುಗಳಿವೆ. 1858ರಲ್ಲಿ ನರಗುಂದದ ಅರಸ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಎದ್ದದ್ದು, ಅಧಿಕಾರಿ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದದ್ದು ಚರಿತ್ರೆ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರ ಚಳವಳಿಯ ಮೇಲೆ ಗೋಲಿಬಾರ್ ನಡೆದದ್ದು, ಅಲ್ಲಿಂದ ಹೊತ್ತಿದ ಕಿಚ್ಚು ರಾಜ್ಯದ ರಾಜಕಾರಣವನ್ನೇ ತಿರುಗಿಸಿದ್ದೂ ಚರಿತ್ರೆಯೇ. ಆ ಹೋರಾಟವನ್ನು ಆಧರಿಸಿ, ಧಾರಾವಾಹಿಗಳಿಂದ ಮನೆಮಾತಾದ ರಕ್ಷ್ ನಾಯಕರಾಗಿದ್ದ ‘ನರಗುಂದ ಬಂಡಾಯ’ ಚಿತ್ರ 2020ರಲ್ಲಿ ತೆರೆ ಕಂಡಿತು. 2015ರಿಂದ ಮಹದಾಯಿ ನೀರಿಗಾಗಿ ನರಗುಂದದಲ್ಲಿ ರೈತರು ಧರಣಿ ಕೂತಾಗ ಸುದ್ದಿವಾಹಿನಿಗಳು ಮತ್ತೆ ಈ ಊರಿಗೆ ಬಂದವು.

ಆ ವಾಹಿನಿಗಳು ಬಂದದ್ದು ಟೈರ್ ಸುಟ್ಟ ದಿನ. 1980ರ ಸಿಟ್ಟಿನ ಹಿಂದಿದ್ದದ್ದು ಬೆಟರ್‌ಮೆಂಟ್ ಲೆವಿ ಎಂಬ ಅಭಿವೃದ್ಧಿ ಕರ, ನೀರಿನ ಕರ, ನೀರೇ ಸರಿಯಾಗಿ ಮುಟ್ಟದ ಹೊಲಕ್ಕೂ ಬಂದ ವಸೂಲಿ, ಹತ್ತಿ ಬೆಳೆಗಾರನ ಸಾಲ. ಅದು ಲೆಕ್ಕದ, ವಿಚಾರದ, ಸಂಘಟನೆಯ ಹೋರಾಟ. ‘ಗಂಡುಮೆಟ್ಟಿದ ನಾಡು’ ಎಂಬ ಶೀರ್ಷಿಕೆ ಆ ವಿಚಾರವನ್ನು ನೆತ್ತರಿನ ಗುಣವನ್ನಾಗಿ ಮಾಡಿಬಿಡುತ್ತದೆ: ಅವರು ಎದ್ದದ್ದು ಅನ್ಯಾಯವಾಯಿತೆಂದಲ್ಲ, ಅವರ ಸ್ವಭಾವವೇ ಹಾಗೆ ಎಂಬಂತೆ. ರಾಶಿ ಕಣದ ಹಂತಿಯ ಹಾಡಿನ, ಭಜನೆಯ, ವಚನದ ಸೀಮೆಯ ಕೋಮಲ ಮುಖ ಇದರಲ್ಲಿ ಪೂರಾ ಮುಚ್ಚಿಹೋಗುತ್ತದೆ. ಪಂಡಿತ ಭೀಮಸೇನ ಜೋಶಿ 1922ರಲ್ಲಿ ಹುಟ್ಟಿದ ಊರು ರೋಣ. ಕರ್ನಾಟಕ ಏಕೀಕರಣದ ಕನಸು ಕಂಡ ಆಲೂರು ವೆಂಕಟರಾಯರ ಮನೆತನದ ಊರು ಅದೇ ತಾಲ್ಲೂಕಿನ ಹೊಳೆಆಲೂರು. ಒಂದಾಗೋಣ ಎಂದು ಮೊದಲು ಕೂಗಿ ಕರೆದ ಸೀಮೆ, ಒಂದಾದ ನಾಡಿನ ತೆರೆಯ ಮೇಲೆ ಹೊರಗಿನದಾಗಿ ಕಾಣುವುದು ನನ್ನನ್ನು ಗಾಢವಾಗಿ ಕಾಡುತ್ತದೆ.

ದೋಷವೆಲ್ಲ ಬೆಂಗಳೂರಿನದು ಎನ್ನುವುದೂ ಸರಿಯಲ್ಲ. ನಮ್ಮ ಕಡೆಯ ಕಂಪನಿ ನಾಟಕಗಳನ್ನೇ ನೋಡಬಹುದು. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ಬನದ ಹುಣ್ಣಿಮೆಯಿಂದ ಸಾಲುಸಾಲು ಥಿಯೇಟರು ನಿಲ್ಲುತ್ತವೆ. ರೋಣ, ಗಜೇಂದ್ರಗಡದ ಜನ ಗಾಡಿ ಕಟ್ಟಿಕೊಂಡು ಹೋಗಿ ನಾಟಕ ನೋಡುತ್ತ ಬಂದವರು. ಹಳೆಯ ಪೌರಾಣಿಕ ನಾಟಕಗಳಲ್ಲಿ ರಾಜನದು ಗ್ರಂಥದ ಕನ್ನಡ, ಹಾಸ್ಯಗಾರನದು ಊರ ಮಾತು. ಮಾತಿನ ಈ ಮೇಲು-ಕೀಳು ಸಂಸ್ಕೃತ ನಾಟಕದ ವಿದೂಷಕನಷ್ಟು ಹಳೆಯದು. ಆದರೆ ಸಾಮಾಜಿಕ ನಾಟಕಗಳು ಬಂದ ಮೇಲೆ ಕಂಪನಿಯ ವೇದಿಕೆಯಲ್ಲಿ ಗೌಡ, ಗೌಡಸಾನಿ, ಮಾಸ್ತರ, ಕುಡುಕ ಎಲ್ಲರೂ ನಮ್ಮ ಮಾತನ್ನೇ ಆಡತೊಡಗಿದರು. ‘ಕಲಿಯುಗದ ಕುಡುಕ’ನಾಗಿ ಹೆಸರಾದ ರಾಜು ತಾಳಿಕೋಟಿ ಆ ವೇದಿಕೆಯಲ್ಲಿ ನಗಿಸಿದಾಗ ಜನ ನಕ್ಕದ್ದು ಆ ಮನುಷ್ಯನ ಚಪಲಕ್ಕೆ, ಅವನ ಮಾತಿನ ಸೊಲ್ಲಿಗಲ್ಲ; ಕೇಳುಗರ ಸೊಲ್ಲೂ ಅದೇ ಆಗಿತ್ತು. ಅಂಥ ನಟನನ್ನು ಬೆಂಗಳೂರಿನ ಚೌಕಟ್ಟಿನಲ್ಲಿ ಒಬ್ಬಂಟಿಯಾಗಿ ನಿಲ್ಲಿಸಿದರೆ ಸೊಲ್ಲೇ ನಗೆಯ ವಸ್ತುವಾಗುತ್ತದೆ. ಒಂದು ಕಥೆಯಲ್ಲಿ ಒಂದು ಸೀಮೆಯವರು ಎಷ್ಟು ಜನ ಇದ್ದಾರೆ, ಅವರು ತಮ್ಮತಮ್ಮಲ್ಲಿ ಮಾತಾಡುತ್ತಾರೆಯೇ ಎಂಬುದನ್ನು ಮೊದಲು ನೋಡಬೇಕೆಂದು ನಾನು ಹೇಳುವುದು ಇದಕ್ಕಾಗಿ.

ಬೇರೆ ದಾರಿ ಇದ್ದೇ ಇದೆ

ಕೊರಿಯಾದಲ್ಲೂ ಒಳನಾಡಿನ ಇಂಥ ನೋವು ಹಳೆಯದು. ಜೊಲ್ಲಾ ಪ್ರಾಂತ್ಯದ ಮಾತನ್ನು ರೌಡಿಗಳಿಗೂ ಮನೆಗೆಲಸದವರಿಗೂ ಮೀಸಲಿಟ್ಟಿದ್ದಾರೆ ಎಂಬ ದೂರು ಅಲ್ಲಿ ಬಹುಕಾಲ ಇತ್ತು. 2012ರ ‘ರಿಪ್ಲೈ 1997’ ಬುಸಾನ್ ಮಾತಾಡುವ ಹುಡುಗಿಯನ್ನೇ ನಾಯಕಿ ಮಾಡಿತು. 2022ರ ‘ಅವರ್ ಬ್ಲೂಸ್’ ಜೇಜು ದ್ವೀಪದ ಮಾತನ್ನು ತಿಳಿಗೊಳಿಸದೆ ಹಾಗೇ ಬಿಟ್ಟು, ಕೊರಿಯಾದವರಿಗೇ ಕೊರಿಯನ್ ಅಡಿಬರಹ ಕೊಟ್ಟಿತು. ಇದಕ್ಕೆ ಯಾವ ರಾಯಭಾರ ಕಚೇರಿಯೂ ಒತ್ತಡ ತಂದಿರಲಿಲ್ಲ.

ಕನ್ನಡದಲ್ಲೂ ಇಂಥ ಪ್ರಯತ್ನಗಳಾಗಿವೆ. 1997ರಲ್ಲಿ ನಾಗಾಭರಣರ ‘ನಾಗಮಂಡಲ’ ಚಿತ್ರ ಪ್ರೀತಿ, ಕಾಮ, ಶಂಕೆ, ದೈವ ಎಲ್ಲವನ್ನೂ ಉತ್ತರದ ಮಾತಿನಲ್ಲೇ ಹೇಳಿತು. ವೈಶಾಲಿ ಕಾಸರವಳ್ಳಿ ನಿರ್ದೇಶಿಸಿದ ‘ಮೂಡಲ ಮನೆ’ ಈಟಿವಿಯಲ್ಲಿ ಒಂದಿಡೀ ಮನೆತನವನ್ನು ಈ ಮಾತಿನಲ್ಲಿ ಬದುಕಿಸಿತು. ಅಲ್ಲಿ ಮಾತು ನಗೆಗೆ ಕಾರಣವಾಗಲಿಲ್ಲ, ಏಕೆಂದರೆ ಸಿಟ್ಟಿಗೂ ಅಳುವಿಗೂ ಮೌನಕ್ಕೂ ಅದೇ ಮಾತಿತ್ತು. 2020ರಲ್ಲಿ ಕಲರ್ಸ್ ಕನ್ನಡದ ‘ಗಿಣಿರಾಮ’ದಲ್ಲಿ ನಾಯಕ-ನಾಯಕಿಯ ಪ್ರೇಮಕ್ಕೂ ಈ ಮಾತು ಸಿಕ್ಕಿತು. ಈಗ ವಿಜಯಪುರ, ಬೆಳಗಾವಿ, ಧಾರವಾಡದ ಹುಡುಗರು ಮೊಬೈಲ್‌ನಲ್ಲೇ ಚಿತ್ರಿಸಿ ಹಾಕುವ ಕಿರುಚಿತ್ರಗಳಲ್ಲಿ ಮಾತು ಸಹಜವಾಗಿದೆ. ಹೆಂಡತಿಯನ್ನು ಬೈಯುವ, ಕುಡಿದು ಬೀಳುವ ಅದೇ ಹಳೆಯ ಹಾಸ್ಯಕ್ಕೆ ಅವರೂ ಜೋತುಬಿದ್ದಿರುವುದು ಬೇಸರದ ಸಂಗತಿ.

ಆಗಬೇಕಾದ ಕೆಲಸ ದುಬಾರಿಯದೇನಲ್ಲ. ಧಾರಾವಾಹಿಯ ಹೆಸರುಪಟ್ಟಿಯಲ್ಲಿ ವಸ್ತ್ರಕ್ಕೆ, ಒಡವೆಗೆ, ಕೇಶಾಲಂಕಾರಕ್ಕೆ ಜನರಿದ್ದಾರೆ. ಆಡುಮಾತಿಗೆ ಒಬ್ಬರು ಬೇಕು: ಆ ತಾಲ್ಲೂಕಿನವರು, ಬರೆದದ್ದನ್ನು ತಿದ್ದುವ ಅಧಿಕಾರ ಇರುವವರು, ಚಿತ್ರೀಕರಣದ ದಿನ ಸ್ಥಳದಲ್ಲಿ ನಿಲ್ಲುವವರು. ಧಾರವಾಡದ ರಂಗಾಯಣದಲ್ಲಿ, ಕಂಪನಿ ನಾಟಕಗಳಲ್ಲಿ ಪಳಗಿದ ನಟ-ನಟಿಯರು ಬೇಕಾದಷ್ಟಿದ್ದಾರೆ. ಅವರಿಗೆ ವಕೀಲೆಯ ಪಾತ್ರ ಕೊಟ್ಟು, ನ್ಯಾಯಾಲಯದಲ್ಲಿ ‘ಅದಾನ’, ‘ಮಾಡಾಕತ್ತಾನ’ ಎಂದೇ ವಾದ ಮಾಡಲು ಬಿಡಬೇಕು. ಗದಗ, ಧಾರವಾಡದ ಕೋರ್ಟು ಆವರಣಗಳಲ್ಲಿ ದಿನವೂ ಕೇಳುವ ಮಾತು ಅದು. ಬೆಂಗಳೂರಿನ ಕಥೆಗಳಲ್ಲಿ ಹಿನ್ನೆಲೆಗೆ ಏಳುತ್ತಿರುವ ಬಹುಮಹಡಿ ಕಟ್ಟಡ, ಅದರ ನೆಲಮಹಡಿಯಲ್ಲಿ ತಗಡಿನ ಶೆಡ್ಡು, ಒಲೆಯ ಮುಂದೆ ರೊಟ್ಟಿ ಬಡಿಯುವ ಹೆಂಗಸು ಎಷ್ಟೋ ಬಾರಿ ಬಂದುಹೋಗುವುದುಂಟು. ಅವಳು ರೋಣ ತಾಲ್ಲೂಕಿನವಳಿರಬಹುದು. ಗಾರೆ ಕೂಲಿಯ ಲೆಕ್ಕ, ಊರಲ್ಲಿ ಅತ್ತಿಯ ಹತ್ತಿರ ಬಿಟ್ಟುಬಂದ ಮಗಳ ಶಾಲೆ, ಈ ಸಲ ಕಡಲಿ ಬಿತ್ತುವುದೋ ಜೋಳ ಬಿತ್ತುವುದೋ ಎಂಬ ತಕರಾರು, ಇವೆಲ್ಲ ಅವಳ ಬಳಿ ಇವೆ. ಆ ಶೆಡ್ಡಿನ ಒಳಗಿನಿಂದ ಶುರುವಾಗುವ ಧಾರಾವಾಹಿಯನ್ನು ಬರೆಯಲು ಗಜೇಂದ್ರಗಡದಲ್ಲೋ ನರಗುಂದದಲ್ಲೋ ಕೂತ ಒಬ್ಬಳು ಬರಹಗಾರ್ತಿಗೆ ವಾಹಿನಿಗಳು ಕೆಲಸ ಕೊಡಲಿ.