ಜೋ ಲೂಯಿಸನ ಗುದ್ದು

1937ರಿಂದ 1949ರವರೆಗೆ ಹೆವಿವೇಟ್ ಬಾಕ್ಸಿಂಗ್ ಪಟ್ಟ ಬಿಟ್ಟುಕೊಡದ ಜೋ ಲೂಯಿಸನ ಗುದ್ದಿಗೆ ಅಷ್ಟು ಬಲ ಎಲ್ಲಿಂದ ಬಂತು? ಅಮೆರಿಕದ ಬಿಳಿಯರ ಪತ್ರಿಕೆಗಳು ಅದನ್ನು ಕಾಡುಮೃಗದ ಬಲ, ಕರಿಯರ ರಕ್ತದಲ್ಲೇ ಇರೋದು ಅಂತ ಬರೆದವು. ಹೊಗಳಿಕೆಯಂತೆ ಕಾಣುವ ಈ ಮಾತಿನ ಹೊಟ್ಟೆಯಲ್ಲಿ ಕಳ್ಳತನವಿದೆ. ಬಲ ರಕ್ತದ್ದಾದರೆ ಬೆವರಿಗೆ, ಬುದ್ಧಿಗೆ ಪಾಲೇ ಇಲ್ಲ ಅಂತಾಯ್ತಲ್ಲ?

ನಾವು ಚರಿತ್ರೆ ನೋಡೋಣ. ಲೂಯಿಸ್ 1914ರಲ್ಲಿ ಅಲಬಾಮಾದಲ್ಲಿ, ಪಾಲಿಗೆ ಹೊಲ ಮಾಡುವವರ ಮನೆಯಲ್ಲಿ ಹುಟ್ಟಿದವನು. ಅವನನ್ನು ತಿದ್ದಿದವನು ಜಾಕ್ ಬ್ಲ್ಯಾಕ್‌ಬರ್ನ್, ತಾನೂ ಹಳೆಯ ಕರಿಯ ಬಾಕ್ಸರ್. ಕಾಲೂರಿ ನಿಲ್ಲುವುದು, ಮೈತೂಕವನ್ನೆಲ್ಲ ಗೇಣುದ್ದದ ಹೊಡೆತಕ್ಕೆ ತರುವುದು, ಎಲ್ಲಾ ಅವನ ಪಾಠ.

1936ರಲ್ಲಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ ಒಂದು ತಪ್ಪು ಹಿಡಿದ. ಎಡಗೈಯಿಂದ ಹೊಡೆದ ಮೇಲೆ ಲೂಯಿಸ್ ಆ ಕೈಯನ್ನು ಕೆಳಗಿಳಿಸುತ್ತಿದ್ದ. ಆ ಸಂದಿಯಲ್ಲೇ ಬಲಗೈ ಬೀಸಿ 12ನೇ ಸುತ್ತಿನಲ್ಲಿ ಕೆಡವಿದ. ರಕ್ತದ ಬಲ ಅವತ್ತು ಎಲ್ಲಿ ಹೋಗಿತ್ತು? ಲೂಯಿಸ್ ಮತ್ತೆ ಪಾಠಕ್ಕೆ ನಿಂತ. 1938ರ ಜೂನ್ 22ರಂದು ನ್ಯೂಯಾರ್ಕಿನಲ್ಲಿ ಅದೇ ಶ್ಮೆಲಿಂಗ್ 124 ಸೆಕೆಂಡಿನಲ್ಲಿ ನೆಲಕಚ್ಚಿದ.

ಹುಟ್ಟಿನಿಂದ ಯೋಗ್ಯತೆ ಅಳೆಯುವವರನ್ನು ನಾವು ಇಲ್ಲಿಯೂ ಬಲ್ಲೆವು. ಅವರು ಈ ಲೆಕ್ಕ ಓದಲಿ: ಲೂಯಿಸ್ ಗೆದ್ದ 66 ಪಂದ್ಯಗಳಲ್ಲಿ 52 ನಾಕೌಟ್. ಒಂದೂ ಕಾಡಿನದಲ್ಲ, ಒಂದೊಂದೂ ಗರಡಿಯಲ್ಲಿ ಬೆವರು ಬಸಿದು ಕಲಿತದ್ದು.